ಹುಣಸೆ ಬೀಜ, ಕವಡೆ ಮತ್ತು ಎಂಬಿಎ ತರಗತಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆಟಕ್ಕೆ ಗೌರವದ ಜಾಗವಿದೆ. ಮೂರರಿಂದ ಎಂಟು ವರ್ಷದವರೆಗಿನ ಬುನಾದಿ ಹಂತದ ಕಲಿಕೆ ಆಟ ಮತ್ತು ಚಟುವಟಿಕೆಯ ಮೇಲೆ ನಿಲ್ಲಬೇಕು ಎನ್ನುತ್ತದೆ ಅದು. ಎಂಟು ದಾಟಿದ ಮೇಲೆ ನಮ್ಮಲ್ಲಿ ಆಟ ಮೆಲ್ಲಗೆ ಪೀಟಿ ಪೀರಿಯಡ್ಡಿಗೆ ಸರಿಯುತ್ತದೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಆ ಪೀರಿಯಡ್ಡನ್ನೂ ಗಣಿತದ ಮೇಷ್ಟ್ರು ಕೇಳಿ ತೆಗೆದುಕೊಂಡಿರುತ್ತಾರೆ. ಪದವಿ ಕಾಲೇಜಿಗೆ ಬಂದವರಿಗೆ ಆಟ ಎಂದರೆ ಒಂದೋ ಮೈದಾನ, ಇಲ್ಲವೇ ಫ್ರೆಶರ್ಸ್ ಡೇ.

ಆದರೆ ಕಲಿತದ್ದು ತಪ್ಪಿದರೆ ಹೆಣ ಬೀಳುವಂಥ ಕಸುಬುಗಳಲ್ಲಿ ದೊಡ್ಡವರಿಗೆ ಆಟ ಆಡಿಸುವುದು ಹಳೆಯ ಪದ್ಧತಿ. ಪ್ರಷ್ಯಾದ ಸೈನ್ಯದಲ್ಲಿ ರೈಸ್ವಿಟ್ಸ್ ಎಂಬ ತಂದೆ–ಮಗ ಸೇರಿ ನಕ್ಷೆಯ ಮೇಲೆ ತುಂಡುಗಳನ್ನು ನಡೆಸುವ ಯುದ್ಧದಾಟವೊಂದನ್ನು ಬೆಳೆಸಿದರು. ಮಗ 1824ರಲ್ಲಿ ಅದನ್ನು ಸೇನಾ ಮುಖ್ಯಸ್ಥರ ಮುಂದೆ ಆಡಿ ತೋರಿಸಿದ ಮೇಲೆ ಅದು ಅಧಿಕಾರಿಗಳ ತರಬೇತಿಗೇ ಸೇರಿಹೋಯಿತು. ವಿಮಾನ ಹಾರಿಸುವುದನ್ನು ನೆಲದ ಮೇಲೆ ಕಲಿಸುವ ಲಿಂಕ್ ಟ್ರೇನರ್‌ನ ಕತೆ ಇನ್ನೂ ಸ್ವಾರಸ್ಯ. ಆರ್ಗನ್ ಮತ್ತು ಪಿಯಾನೋ ತಯಾರಿಸುವ ಮನೆತನದ ಎಡ್ವಿನ್ ಲಿಂಕ್, ಅದೇ ವಾದ್ಯಗಳ ಗಾಳಿತಿದಿಗಳನ್ನು ಬಳಸಿ 1929ರ ಸುಮಾರಿಗೆ ಅದನ್ನು ಕಟ್ಟಿದ. ಮೊದಮೊದಲು ಕೊಂಡವರು ಅಮ್ಯೂಸ್‌ಮೆಂಟ್ ಪಾರ್ಕಿನವರು; ಕಾಸು ಹಾಕಿ ಕೂರುವ ಆಟಿಕೆ ಎಂದೇ ಅದು ಓಡಿತು. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೈನ್ಯ ಅಂಥ ಆರು ಯಂತ್ರಗಳನ್ನು ಕೊಂಡಿತು.

ಇವೆರಡರಲ್ಲೂ ಇರುವ ಗುಟ್ಟು ಒಂದೇ. ಆಡುವವನು ತಾನೇ ನಿರ್ಧಾರ ಮಾಡುತ್ತಾನೆ, ಅದರ ಫಲ ತಿರುಗಿ ಅವನ ಮೇಲೇ ಬೀಳುತ್ತದೆ, ಬಿದ್ದರೂ ಏಟಾಗುವುದಿಲ್ಲ. ಉನ್ನತ ಶಿಕ್ಷಣದಲ್ಲಿ ಆಟಕ್ಕೆ ಬೆಲೆ ಇರುವುದು ಇದಕ್ಕಾಗಿ. ತರಗತಿ ನಗುತ್ತಿತ್ತೋ ಇಲ್ಲವೋ ಎನ್ನುವುದು ಎರಡನೇ ಮಾತು. ಪ್ರತಿ ಸ್ಲೈಡಿಗೆ ಒಂದು ಕ್ವಿಜ್, ಸರಿ ಹೇಳಿದವರಿಗೆ ಚಾಕೊಲೇಟ್, ಆ್ಯಪಿನಲ್ಲಿ ಬ್ಯಾಡ್ಜು, ಇದನ್ನೆಲ್ಲ ಆಟ ಎಂದು ಕರೆಯುವವರಿದ್ದಾರೆ. ಅಲ್ಲಿ ಆಡುವವರು ನಿರ್ಧರಿಸುವುದು ಏನೂ ಇಲ್ಲ. ಕಾಗದದ ಪರೀಕ್ಷೆಗೆ ಬಣ್ಣ ಬಳಿದಿದ್ದಾರೆ, ಅಷ್ಟೆ.

ಕಲಿಸುವ ಆಟ ಹೇಗಿರುತ್ತದೆ ಎನ್ನಲು ಮ್ಯಾನೇಜ್‌ಮೆಂಟ್ ಓದುವವರಿಗೆಲ್ಲ ಹೆಸರು ಗೊತ್ತಿರುವ ಬಿಯರ್ ಗೇಮ್ ತೆಗೆದುಕೊಳ್ಳೋಣ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ಅವರ ಬಳಗ ಕಟ್ಟಿದ, ಬಿಯರ್ ಪೆಟ್ಟಿಗೆಗಳನ್ನು ಕಾರ್ಖಾನೆಯಿಂದ ಅಂಗಡಿಯವರೆಗೆ ಸಾಗಿಸುವ ಆಟ. ಈಗ ಕಂಪ್ಯೂಟರಿನಲ್ಲೂ ಸಿಗುತ್ತದೆ, ಆದರೆ ಮೇಜಿನ ಮೇಲೆ ಕೈಯಿಂದ ಆಡಿದರೇ ಅದರ ಕಾಟ ಮೈಗೆ ಹತ್ತುವುದು. ನಮ್ಮ ಕಾಲೇಜುಗಳಲ್ಲಿ ಬಿಯರ್ ಬೇಡವೆಂದರೆ ಸಾಬೂನಿನ ಪೆಟ್ಟಿಗೆ ಅಂದುಕೊಳ್ಳಿ. ಹಾಲು ಮಾತ್ರ ಬೇಡ. ಹಾಲು ಮರುದಿನಕ್ಕೆ ಕೆಡುತ್ತದೆ, ಇವತ್ತು ಸಿಗದ ಹಾಲನ್ನು ಗಿರಾಕಿ ಮುಂದಿನ ವಾರ ಬಂದು ಕೇಳುವುದಿಲ್ಲ. ದಾಸ್ತಾನು ಮತ್ತು ಬಾಕಿ ಎರಡೂ ಇಲ್ಲದೆ ಈ ಆಟವೇ ಇಲ್ಲ.

ಒಂದು ತಂಡಕ್ಕೆ ಉದ್ದನೆಯ ಒಂದು ಮೇಜು. ಸಾಲಾಗಿ ನಾಲ್ಕು ಸ್ಥಾನ: ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಡ್ರಾಯಿಂಗ್ ಶೀಟಿನ ಮೇಲೆ ಪ್ರತಿ ಸ್ಥಾನಕ್ಕೂ ಒಂದು ದಾಸ್ತಾನು ಚೌಕ ಬರೆಯಿರಿ. ಪಕ್ಕಪಕ್ಕದ ಎರಡು ಸ್ಥಾನಗಳ ನಡುವೆ ಸಾಗಣೆಯ ಎರಡೆರಡು ಚೌಕ, ಕಾರ್ಖಾನೆಯ ಹಿಂದೆ ತಯಾರಿಕೆಗೆ ಎರಡು ಚೌಕ. ಪ್ರತಿ ದಾಸ್ತಾನಿಗೆ 12 ಪೆಟ್ಟಿಗೆ, ದಾರಿಯಲ್ಲಿರುವ ಪ್ರತಿ ಚೌಕಕ್ಕೆ 4. ಅಂದರೆ ಆಟ ಶುರುವಾಗುವಾಗ ಹಲಗೆಯ ಮೇಲೆ ದಾಸ್ತಾನಿನ 48, ದಾರಿಯ 32, ಒಟ್ಟು 80 ಪೆಟ್ಟಿಗೆ. ಪೆಟ್ಟಿಗೆಗೆ ಹುಣಸೆ ಬೀಜ ಚೆನ್ನಾಗಿ ಒದಗುತ್ತದೆ, ಉರುಳಿ ಹೋಗುವುದಿಲ್ಲ. ಎಂಬತ್ತೇ ಸಾಕೆಂದು ತಂದವರು ಹದಿನೈದನೇ ವಾರಕ್ಕೆ ಪರದಾಡುತ್ತಾರೆ. ತಂಡಕ್ಕೆ ನಾನೂರರಷ್ಟು ಬೀಜ, ಜೊತೆಗೆ ಹತ್ತಕ್ಕೆ ಒಂದರಂತೆ ಎಣಿಸಲು ಬಾಟಲಿ ಮುಚ್ಚಳ ಒಂದು ಮೂವತ್ತು ಇರಲಿ.

ಮಾಲು ಕಾರ್ಖಾನೆಯಿಂದ ಅಂಗಡಿಯ ಕಡೆಗೆ ಬಂದರೆ, ಆರ್ಡರು ಚೀಟಿಗಳು ಅಂಗಡಿಯಿಂದ ಕಾರ್ಖಾನೆಯ ಕಡೆಗೆ, ಕವುಚಿ ಹಾಕಿದ ಹಾಗೇ ಸಾಗುತ್ತವೆ. ಗಿರಾಕಿಯ ಬೇಡಿಕೆ ಬರೆದ ಚೀಟಿಗಳ ಕಟ್ಟು ಅಂಗಡಿಯವನ ಪಕ್ಕದಲ್ಲಿ, ಅದೂ ಕವುಚಿ. ಅವನೊಬ್ಬನೇ ನೋಡಬೇಕು. ಮಾತು ನಿಷಿದ್ಧ. ದಾಸ್ತಾನಿನಲ್ಲಿ ಉಳಿದ ಪ್ರತಿ ಪೆಟ್ಟಿಗೆಗೆ ವಾರಕ್ಕೆ 50 ಪೈಸೆ ಖರ್ಚು, ಕೊಡಲಾಗದೆ ಬಾಕಿ ಬಿದ್ದ ಪ್ರತಿ ಪೆಟ್ಟಿಗೆಗೆ 1 ರೂಪಾಯಿ. ಮೂಲದಲ್ಲಿ ಅರ್ಧ ಡಾಲರ್, ಒಂದು ಡಾಲರ್. ನಾಲ್ವರ ಖರ್ಚು ಕೂಡಿಸಿ ಯಾವ ತಂಡದ್ದು ಕಡಿಮೆಯೋ ಅದು ಗೆದ್ದಂತೆ.

ಪ್ರತಿ ವಾರಕ್ಕೆ ಐದು ಹೆಜ್ಜೆ. ಬಂದ ಮಾಲನ್ನು ದಾಸ್ತಾನಿಗೆ ಸೇರಿಸಿ ದಾರಿಯಲ್ಲಿದ್ದದ್ದನ್ನು ಒಂದು ಚೌಕ ಮುಂದೆ ತಳ್ಳುವುದು. ಬಂದ ಆರ್ಡರು ನೋಡಿ, ಹಳೆ ಬಾಕಿಯೂ ಸೇರಿ ಎಷ್ಟಾಗುತ್ತದೋ ಅಷ್ಟು ಕಳಿಸುವುದು. ದಾಸ್ತಾನೋ ಬಾಕಿಯೋ ಹಾಳೆಯಲ್ಲಿ ಬರೆಯುವುದು. ಆರ್ಡರು ಚೀಟಿಗಳನ್ನು ಮುಂದೆ ಸರಿಸುವುದು. ಕೊನೆಗೆ ಹೊಸ ಆರ್ಡರು ಬರೆಯುವುದು. ಮೊದಲ ನಾಲ್ಕು ಬರೀ ಕೈಕೆಲಸ. ಐದನೆಯದರಲ್ಲಿ ಮಾತ್ರ ತಲೆ ಓಡಬೇಕು, ಅದೂ ಒಂದೇ ಒಂದು ಅಂಕಿಗಾಗಿ. ಇಷ್ಟು ಸರಳವಾದ ಕೆಲಸದಲ್ಲಿ ಲೆಕ್ಕಪತ್ರ ಅರೆದು ಕುಡಿದವರೂ ಎಡವುತ್ತಾರೆ.

ಮೊದಲ ನಾಲ್ಕು ವಾರ ಎಲ್ಲರೂ ನಾಲ್ಕನ್ನೇ ಬರೆಯಬೇಕು ಎಂದು ಆಡಿಸುವವರೇ ಹೇಳಿಬಿಡುತ್ತಾರೆ. ಇದು ಹೆಜ್ಜೆ ರೂಢಿಯಾಗಲಿ ಎಂದು. ಆಮೇಲೆ ಬಾಯಿ ಮುಚ್ಚಿ ನಿಂತು ನೋಡುವುದಷ್ಟೇ ಕೆಲಸ. ಐದನೇ ವಾರ ಗಿರಾಕಿಯ ಚೀಟಿಯಲ್ಲಿ ನಾಲ್ಕರ ಬದಲು ಎಂಟು ಇರುತ್ತದೆ. ಅಂಗಡಿಯವನ ದಾಸ್ತಾನು ನೋಡಿ: ವಾರಕ್ಕೆ ಬರುವುದು ನಾಲ್ಕು, ಹೋಗುವುದು ಎಂಟು. ಐದನೇ ವಾರದ ಕೊನೆಗೆ 8, ಆರಕ್ಕೆ 4, ಏಳಕ್ಕೆ ಸೊನ್ನೆ, ಎಂಟನೇ ವಾರಕ್ಕೆ ನಾಲ್ಕು ಬಾಕಿ. ಐದನೇ ವಾರದಲ್ಲೇ ಚುರುಕಾಗಿ ಎಂಟಕ್ಕೆ ಆರ್ಡರು ಕೊಟ್ಟಿದ್ದರೂ ಅದು ಕೈಗೆ ಸಿಗುವುದು ಒಂಬತ್ತನೇ ವಾರಕ್ಕೆ, ಏಕೆಂದರೆ ಚೀಟಿ ಹೋಗಿ ಮಾಲು ಬರಲು ಕನಿಷ್ಠ ನಾಲ್ಕು ವಾರ. ಅಲ್ಲಿಂದ ಮುಂದೆ ಎಂಟು ಬಂದು ಎಂಟು ಹೋಗುತ್ತದೆ, ಆ ನಾಲ್ಕರ ಬಾಕಿ ಅಲ್ಲೇ ಕೂರುತ್ತದೆ. ಅದನ್ನು ತೀರಿಸಿ ದಾಸ್ತಾನು ಕಟ್ಟಿಕೊಳ್ಳಲು ಬೇಕಾಗುವುದು ಒಂದೇ ಒಂದು ಸಲದ ಹೆಚ್ಚುವರಿ ಆರ್ಡರು.

ಅಂಗಡಿಯವನು ಹಾಗೆ ಮಾಡುವುದಿಲ್ಲ. ಏಳನೇ ವಾರ 12 ಬರೆಯುತ್ತಾನೆ, ಮಾಲು ಬರಲಿಲ್ಲ. ಎಂಟನೇ ವಾರ 16, ಆಗಲೂ ಬರಲಿಲ್ಲ. ಒಂಬತ್ತಕ್ಕೆ ಸಿಟ್ಟಿನಲ್ಲಿ 20. ಈಗಾಗಲೇ ಬರೆದದ್ದು ದಾರಿಯಲ್ಲಿದೆ ಎನ್ನುವುದು ತಲೆಯಿಂದ ಜಾರಿರುತ್ತದೆ. ಸಗಟಿನವನಿಗೆ ಈ 20 ಕಂಡಾಗ ಊರಿನಲ್ಲಿ ಸಾಬೂನಿಗೆ ಬರ ಬಂದಿದೆ ಎನಿಸಿ ಅವನು 30 ಬರೆಯುತ್ತಾನೆ. ಕಾರ್ಖಾನೆಗೆ ತಲುಪುವಾಗ ಅದು 40, 50. ಆಮೇಲೆ ಎಲ್ಲ ಮಾಲೂ ಒಟ್ಟಿಗೆ ಬಂದು ಬೀಳುತ್ತದೆ, ಆರ್ಡರು ಸೊನ್ನೆಗಿಳಿಯುತ್ತದೆ, ಕಾರ್ಖಾನೆಯವನು ವಾರಗಟ್ಟಲೆ ಬೀಜಗಳ ಗುಡ್ಡದ ಮುಂದೆ ಕೈಕಟ್ಟಿ ಕೂರುತ್ತಾನೆ. ಈ ನಡುವೆ ಕೋಣೆ ನೋಡಬೇಕು. ಮಾತಾಡಬೇಡಿ ಎಂದರೂ ಹಲ್ಲು ಕಡಿಯುವ ಸದ್ದು ಕೇಳುತ್ತದೆ.

ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ತಂಡಗಳ ಲೆಕ್ಕವಿದೆ. 36 ವಾರಕ್ಕೆ ತಂಡವೊಂದರ ಸರಾಸರಿ ಖರ್ಚು ಸುಮಾರು 2,000 ಡಾಲರ್. ಒಂದು ಸಾದಾ ಸೂತ್ರ ಹಿಡಿದು ಆಡಿದ್ದರೆ ಸುಮಾರು 200ರಲ್ಲಿ ಮುಗಿಯುತ್ತಿತ್ತು. ಹತ್ತು ಪಟ್ಟು! ಸ್ಟರ್ಮನ್ ಹಿಡಿದ ಕಾರಣವೂ ಅದೇ: ಆರ್ಡರು ಕೊಟ್ಟಾಗಿದ್ದು ಇನ್ನೂ ಬಾರದ ಮಾಲನ್ನು ಜನ ಲೆಕ್ಕಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ಐವತ್ತು ವಾರ ಆಡುತ್ತೇವೆ ಎಂದು ಹೇಳಿ ಮೂವತ್ತಾರಕ್ಕೆ ನಿಲ್ಲಿಸಬೇಕು. ಕೊನೆಯ ವಾರ ಗೊತ್ತಿದ್ದರೆ ಎಲ್ಲರೂ ದಾಸ್ತಾನು ಖಾಲಿ ಮಾಡಿಕೊಂಡು ಕೂರುತ್ತಾರೆ, ಗ್ರಾಫ್ ಕೆಡುತ್ತದೆ.

ನಿಲ್ಲಿಸಿದ ಕೂಡಲೇ ಚಹಾಕ್ಕೆ ಬಿಡುವುದು ಸಾಮಾನ್ಯ ತಪ್ಪು. ಬಿಟ್ಟರೆ ಅಂಗಡಿಯವರು ಬೇಡಿಕೆಯ ಗುಟ್ಟನ್ನು ಕಾರಿಡಾರಿನಲ್ಲೇ ಹೇಳಿಬಿಡುತ್ತಾರೆ. ಅದಕ್ಕೆ ಮುಂಚೆ, ಅಂಗಡಿಯವರನ್ನು ಬಿಟ್ಟು ಉಳಿದ ಪ್ರತಿಯೊಬ್ಬರೂ ಗಿರಾಕಿಯ ಬೇಡಿಕೆ 36 ವಾರ ಹೇಗಿತ್ತೆಂದು ತಮಗನಿಸುವ ಗ್ರಾಫನ್ನು ಬರೆದು, ಹೆಸರು ಹಾಕಿ ಕೊಡಬೇಕು. ಬರುವ ಹಾಳೆಗಳಲ್ಲಿ ಏರಿಳಿಯುವ ದೊಡ್ಡ ದೊಡ್ಡ ಅಲೆಗಳಿರುತ್ತವೆ. ಹಬ್ಬ ಬಂತು, ಎದುರಾಳಿ ಕಂಪನಿ ಮುಚ್ಚಿತು ಎಂದು ಕಾರಣ ಬರೆದವರೂ ಸಿಗುತ್ತಾರೆ. ಚಹಾ ಮುಗಿಸಿ ಬಂದ ಮೇಲೆ ಆ ಹಾಳೆಗಳನ್ನು ಗೋಡೆಗೆ ಅಂಟಿಸಿ, ಬೋರ್ಡಿನ ಮೇಲೆ ನಿಜವಾದ ಬೇಡಿಕೆ ಬರೆಯಿರಿ: ನಾಲ್ಕು ವಾರ ನಾಲ್ಕು, ಆಮೇಲೆ ಕೊನೆಯವರೆಗೂ ಎಂಟು. ಒಂದು ಮೆಟ್ಟಿಲು, ಅಷ್ಟೇ. ಆ ಕ್ಷಣದ ನಿಶ್ಶಬ್ದಕ್ಕಾಗಿಯೇ ಇಷ್ಟೆಲ್ಲ ಬೀಜ ಎಣಿಸಿದ್ದು. ಅಲ್ಲಿಯವರೆಗೆ ಪಕ್ಕದ ಕುರ್ಚಿಯವನನ್ನು ಬೈಯುತ್ತಿದ್ದವರಿಗೆ, ನಾಲ್ಕೂ ಕುರ್ಚಿಯಲ್ಲಿ ಬುದ್ಧಿವಂತರೇ ಕೂತಿದ್ದರು, ಅಲೆ ಎಬ್ಬಿಸಿದ್ದು ಸರಪಳಿಯ ರಚನೆ ಮತ್ತು ತಮ್ಮದೇ ಆತುರ ಎಂದು ಹೊಳೆಯುವುದು ಅಲ್ಲಿ.

ಇಷ್ಟಾದ ಮೇಲೆ ಬುಲ್‌ವಿಪ್ ಎಂಬ ಪದ ಹೇಳಬಹುದು: ಗಿರಾಕಿಯ ಪುಟ್ಟ ಏರಿಳಿತ ಸರಪಳಿಯಲ್ಲಿ ಕಾರ್ಖಾನೆಯ ಕಡೆಗೆ ಹೋದಂತೆ ದೊಡ್ಡ ಅಲೆಯಾಗುವುದು. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ತನ್ನ ಮಕ್ಕಳ ಡೈಪರ್‌ಗಳಲ್ಲಿ ಇದನ್ನೇ ಕಂಡಿತ್ತು. ಕೂಸುಗಳು ಡೈಪರ್ ಒದ್ದೆ ಮಾಡುವ ಲೆಕ್ಕ ವಾರ ವಾರಕ್ಕೆ ಹೆಚ್ಚು ಬದಲಾಗುವುದಿಲ್ಲ, ಆದರೆ ವಿತರಕರ ಆರ್ಡರು ಕುಣಿಯುತ್ತಿತ್ತು. ಪದವನ್ನು ಆಟಕ್ಕೆ ಮೊದಲೇ ಹೇಳಿದರೆ ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತಾರೆ, ನಾಳೆ ಗೋದಾಮಿನಲ್ಲಿ ಕೂತಾಗ 12, 16, 20 ಎಂದೇ ಬರೆಯುತ್ತಾರೆ.

ನಮ್ಮ ಕಡೆಯ ಅಡಚಣೆಗಳು ಬೇರೆ ಇವೆ. ತರಗತಿಯಲ್ಲಿ ಅರವತ್ತು ಜನ. ಒಂದು ಸ್ಥಾನಕ್ಕೆ ಇಬ್ಬರಂತೆ ಕೂರಿಸಿದರೆ ತಂಡಕ್ಕೆ ಎಂಟು. ಏಳು ತಂಡಕ್ಕೆ 56. ಉಳಿದ ನಾಲ್ವರನ್ನು ಲೆಕ್ಕ ತಪಾಸಣೆಗೆ ಬಿಡಿ, ಅವರು ಬೇಕೇ ಬೇಕು. ಆಟ ಕೆಡುವುದು ಹೆಚ್ಚಾಗಿ ಬಾಕಿಯನ್ನು ಮುಂದಿನ ವಾರಕ್ಕೆ ಒಯ್ಯಲು ಮರೆತಾಗ, ಇಲ್ಲವೇ ಒಂದು ತಂಡ ಎರಡನೇ ಹೆಜ್ಜೆಯಲ್ಲಿರುವಾಗ ಇನ್ನೊಂದು ನಾಲ್ಕಕ್ಕೆ ಹಾರಿದಾಗ. ಆದ್ದರಿಂದ ಆಡಿಸುವವರು ‘ವಾರ ಒಂಬತ್ತು, ಹೆಜ್ಜೆ ಒಂದು’ ಎಂದು ಗಟ್ಟಿಯಾಗಿ ಕೂಗುತ್ತಲೇ ಇರಬೇಕು. ಮೊದಲ ನಾಲ್ಕು ವಾರಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ವಾರಕ್ಕೆ ಎರಡು ನಿಮಿಷಕ್ಕಿಂತ ಕಡಿಮೆ. 55 ನಿಮಿಷದ ಪೀರಿಯಡ್ಡಿನಲ್ಲಿ ಇದು ಕೂರುವುದಿಲ್ಲ. ಮೂರು ಗಂಟೆಯ ಲ್ಯಾಬ್ ಅವಧಿ ಕೇಳಿ ಪಡೆಯಿರಿ: ವಿವರಿಸಲು 30 ನಿಮಿಷ, ಆಡಲು 80, ಗ್ರಾಫು–ಚಹಾಕ್ಕೆ 15, ಚರ್ಚೆಗೆ 55. ಸಮಯ ಸಾಲದಿದ್ದರೆ ಆಟವನ್ನು 28 ವಾರಕ್ಕೆ ಮೊಟಕುಗೊಳಿಸಿ, ಚರ್ಚೆಯಲ್ಲಿ ಒಂದು ನಿಮಿಷವನ್ನೂ ಕಡಿಯಬೇಡಿ. ಚರ್ಚೆ ಇಲ್ಲದ ಆಟದಿಂದ ಹುಡುಗರು ಮನೆಗೆ ಒಯ್ಯುವುದು ‘ವಿತರಕ ದಡ್ಡ’ ಎಂಬ ಒಂದೇ ಪಾಠ.

ಮೊಬೈಲಿನಲ್ಲಿ ಹುಡುಕಿ ನಾಲ್ಕು–ಎಂಟರ ಗುಟ್ಟು ಮೊದಲೇ ತಿಳಿದವರೂ ಇರುತ್ತಾರೆ. ಬೇಡಿಕೆಯನ್ನು ಐದರಿಂದ ಒಂಬತ್ತು ಮಾಡಿ, ಏರಿಕೆಯನ್ನು ಏಳನೇ ವಾರಕ್ಕೆ ಸರಿಸಿದರೆ ಸಾಕು. ಆಗ ದಾರಿಯ ಚೌಕಗಳಲ್ಲೂ ಮೊದಲ ಚೀಟಿಗಳಲ್ಲೂ ಐದೈದು ಇಡಬೇಕು. ಸತ್ಯ ಹೇಳಬೇಕೆಂದರೆ ಗುಟ್ಟು ತಿಳಿದಿರುವ ಅಂಗಡಿಯವನಿಂದ ಅಂಥ ಉಪಯೋಗವೂ ಆಗುವುದಿಲ್ಲ, ಉಳಿದ ಮೂವರು ಗಾಬರಿಯಾದರೆ ಅವನೂ ಅವರ ಜೊತೆ ಮುಳುಗುತ್ತಾನೆ.

ಅಂಕದ ವಿಷಯ. ಆಂತರಿಕ ಮೌಲ್ಯಮಾಪನಕ್ಕೆ ಹತ್ತು ಅಂಕ ಇದೆಯಲ್ಲ, ಗೆದ್ದ ತಂಡಕ್ಕೆ ಕೊಟ್ಟುಬಿಡೋಣ ಎನಿಸುವುದು ಸಹಜ. ಕೊಟ್ಟ ಮರುಕ್ಷಣ ಚೀಟಿ ಇಣುಕುವುದು, ಕಣ್ಸನ್ನೆ, ಹಾಳೆ ತಿದ್ದುವುದು ಶುರು. ತಪ್ಪು ಮಾಡಲು ಬಿಡುವಿರಬೇಕಾದ ಜಾಗದಲ್ಲಿ ತಪ್ಪಿಗೆ ಬೆಲೆ ಕಟ್ಟಿದಂತಾಯಿತು. ಎಂಐಟಿಯ ಆಟಗಳಲ್ಲಿ ಪ್ರತಿಯೊಬ್ಬರೂ ಒಂದು ಡಾಲರ್ ಹಾಕಿ, ಗೆದ್ದ ತಂಡ ಅದನ್ನು ಹಂಚಿಕೊಳ್ಳುವ ರೂಢಿ ಇತ್ತು. ಪಣ ಅಷ್ಟೇ ಪುಟ್ಟದಿರಬೇಕು: ಮನಸ್ಸಿಟ್ಟು ಆಡುವಷ್ಟು, ಮೋಸ ಮಾಡಲು ಮನಸ್ಸಾಗದಷ್ಟು. ಅಂಕವನ್ನು ಮರುದಿನ ಬರೆದು ತರುವ ಎರಡು ಪುಟಕ್ಕೆ ಕೊಡಿ. ‘ಹದಿಮೂರನೇ ವಾರ ನೀವು ಬರೆದ ಅಂಕಿ ಯಾವುದು, ಆಗ ನಿಮ್ಮ ಕಣ್ಣ ಮುಂದಿದ್ದ ಮಾಹಿತಿ ಏನು, ದಾರಿಯಲ್ಲಿ ಎಷ್ಟಿತ್ತು?’ ಇಂಥ ಪ್ರಶ್ನೆಗೆ ಸೋತ ತಂಡದವರೇ ಚೆನ್ನಾಗಿ ಉತ್ತರಿಸುತ್ತಾರೆ.

ಕೆಲಸದಲ್ಲಿರುವ ದೊಡ್ಡವರಿಗೆ, ಅಂದರೆ ಬ್ಯಾಂಕಿನವರು, ನರ್ಸುಗಳು, ಪಂಚಾಯಿತಿ ನೌಕರರ ತರಬೇತಿಗಳಲ್ಲಿ, ತೊಡಕು ಮರ್ಯಾದೆಯದು. ಇಪ್ಪತ್ತು ವರ್ಷ ಸರ್ವೀಸಾದವರನ್ನು ಬಲೂನು ಊದಿಸಿ ಕುಣಿಸಿದರೆ ಅವರು ನಗುತ್ತಾರೆ, ಒಳಗೊಳಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಅಂಥಲ್ಲಿ ಮೊದಲು ಪೆದ್ದನಾಗಬೇಕಾದವರು ಆಡಿಸುವವರು. ಗುಣಮಟ್ಟದ ಪಾಠಕ್ಕೆ ಹೆಸರಾದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ತಮ್ಮ ಕೆಂಪು ಮಣಿಯ ಪ್ರಯೋಗದಲ್ಲಿ ಇದನ್ನು ವರ್ಷಗಳ ಕಾಲ ಮಾಡಿದರು. ಒಂದು ಪೆಟ್ಟಿಗೆಯಲ್ಲಿ 4,000 ಮಣಿ, ಅದರಲ್ಲಿ 800 ಕೆಂಪು. 50 ಗುಳಿಗಳ ಹಲಗೆಯನ್ನು ಅದ್ದಿ ಎತ್ತಿದರೆ 50 ಮಣಿ ಬರುತ್ತವೆ. ಬಿಳಿ ಸರಕು, ಕೆಂಪು ದೋಷ. ಸಭೆಯಿಂದ ಬಂದ ಆರು ‘ಕೆಲಸಗಾರರು’ ಎತ್ತುತ್ತಾರೆ. ಡೆಮಿಂಗ್ ಮೇಸ್ತ್ರಿಯ ವೇಷದಲ್ಲಿ ಕಡಿಮೆ ಕೆಂಪು ಬಂದವರನ್ನು ಹೊಗಳುತ್ತಾ, ಹೆಚ್ಚು ಬಂದವರನ್ನು ಗದರುತ್ತಾ, ಕೊನೆಗೆ ಮೂವರನ್ನು ಮನೆಗೆ ಕಳಿಸುತ್ತಾ ಸಾಗುತ್ತಿದ್ದರು. ಲೆಕ್ಕ ಹಾಕಿ: ಸರಾಸರಿ 10 ಕೆಂಪು, ಮೂರು ಸಿಗ್ಮಾ, ಅಂದರೆ ಬರೀ ಆಕಸ್ಮಿಕದಿಂದ ಆಗಬಹುದಾದ ಏರಿಳಿತದ ಮಿತಿ, ಸುಮಾರು 8.5. ಎರಡರಿಂದ ಹದಿನೆಂಟರವರೆಗೆ ಏನೇ ಬಂದರೂ ಅದು ಪೆಟ್ಟಿಗೆಯ ಗುಣ, ಎತ್ತಿದವನ ಕೈಯ ಗುಣ ಅಲ್ಲ. ‘ಕಳೆದ ತಿಂಗಳು ನಿಮ್ಮ ಶಾಖೆಯಲ್ಲಿ ಯಾಕೆ ಕಡಿಮೆ?’ ಎಂದು ಪ್ರತಿ ತಿಂಗಳು ಬೈಸಿಕೊಳ್ಳುವ ಮ್ಯಾನೇಜರ್‌ಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮೇಸ್ತ್ರಿಯ ಪಾತ್ರ ಮಾತ್ರ ಅತಿ ಗಂಭೀರವಾಗಿರಬೇಕು. ಅವನೇ ನಕ್ಕುಬಿಟ್ಟರೆ ಬೈಗುಳದ ಬಿಸಿ ಆರಿಹೋಗುತ್ತದೆ. ಮಣಿಯ ಬದಲು ಕಾಬೂಲಿ ಕಡಲೆ, ರಾಜ್ಮಾ ಬೆರೆಸುವವರಿಗೆ ಒಂದು ಎಚ್ಚರಿಕೆ: ಗಾತ್ರ ಬೇರೆ ಇದ್ದರೆ ಗುಳಿಯಲ್ಲಿ ಕೂರುವ ಪ್ರಮಾಣವೂ ಬೇರೆಯಾಗಿ ಹತ್ತರ ಲೆಕ್ಕ ಹತ್ತಿರಕ್ಕೂ ಬರುವುದಿಲ್ಲ.

ಬಿಎಸ್ಸಿ ಸಂಖ್ಯಾಶಾಸ್ತ್ರಕ್ಕೆ ನಮ್ಮಲ್ಲೇ ಚೌಕಾಬಾರ ಇದೆ, ಏಕೆ ಬಳಸುವುದಿಲ್ಲವೋ ತಿಳಿಯದು. ನಾಲ್ಕು ಕವಡೆ, ಎಷ್ಟು ಬಾಯಿ ಮೇಲೆ ಬಿದ್ದವೋ ಅಷ್ಟು ಮನೆ, ನಾಲ್ಕೂ ಬೋರಲಾದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಪುಸ್ತಕದ ನಾಣ್ಯದಲ್ಲಿ ತಲೆ–ಬಾಲ ಅರ್ಧರ್ಧ ಎಂದು ಕೊಟ್ಟುಬಿಟ್ಟಿರುತ್ತಾರೆ. ಕವಡೆ ಹಾಗಲ್ಲ, ಅದರ ಸಂಭವನೀಯತೆಯನ್ನು ಹಾಕಿ ನೋಡಿಯೇ ತಿಳಿಯಬೇಕು. ಮೂವತ್ತು ಜೋಡಿ, ಜೋಡಿಗೆ ಐವತ್ತು ಸಲ ಹಾಕಿದರೆ 6,000 ಕವಡೆಗಳ ಲೆಕ್ಕ ಒಂದೇ ಗಂಟೆಯಲ್ಲಿ ಬೋರ್ಡಿನ ಮೇಲಿರುತ್ತದೆ. ಬಾಯಿ ಮೇಲಾಗುವ ಸಂಭವ 0.5 ಆದರೆ ನಾಲ್ಕೂ ಎಂಟೂ ಹದಿನಾರಕ್ಕೊಮ್ಮೆ. ಅದು 0.6 ಆದರೆ ನಾಲ್ಕು ಬೀಳುವುದು ಎಂಟು ಸಲಕ್ಕೊಮ್ಮೆ, ಎಂಟು ಬೀಳುವುದು 39 ಸಲಕ್ಕೊಮ್ಮೆ. ಆದರೂ ಒಂದು ಎಸೆತದ ಸರಾಸರಿ 2.5ರಿಂದ 2.6ಕ್ಕಷ್ಟೇ ಏರುತ್ತದೆ, ಮರುಎಸೆತವನ್ನೂ ಸೇರಿಸಿದರೆ 2.86ರಿಂದ 3.08ಕ್ಕೆ. ಇದನ್ನು ಹುಡುಗರೇ ಲೆಕ್ಕ ಹಾಕಿ, ಆಮೇಲೆ ನಿಯಮ ಬದಲಿಸಲಿ: ಎಂಟನ್ನು ಹತ್ತು ಮಾಡಿದರೆ? ಒಂದು ಬಿದ್ದರೂ ಮರುಎಸೆತ ಕೊಟ್ಟರೆ? ಬೈನಾಮಿಯಲ್ ಹಂಚಿಕೆಯನ್ನು ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಕೇಳಿದರೆ ಪೆನ್ನು ನಿಲ್ಲುತ್ತದೆ.

ಇದರಲ್ಲಿ ಹಾಳಾಗುವುದು ಎರಡು ಕಡೆ. ಕೆಲವರು ಅಂಗೈಯಲ್ಲಿ ಉರುಳಿಸಿ ಹಾಕುತ್ತಾರೆ, ಕೆಲವರು ಮೇಜಿನಿಂದ ಎರಡಂಗುಲ ಮೇಲೆ ಹಿಡಿದು ಬಿಡುತ್ತಾರೆ, ಎರಡರ ಫಲಿತಾಂಶ ಒಂದಾಗುವುದಿಲ್ಲ. ಕವಡೆಗಳ ಬೆನ್ನಿನ ಉಬ್ಬೂ ಬೇರೆಬೇರೆ. ಹಾಗಾಗಿ ಒಂದು ಗೇಣು ಎತ್ತರ, ಒಂದೇ ಬಗೆಯ ಚಾಪೆ ಎಂದು ಕಟ್ಟು ಮಾಡಿ, ಪ್ರತಿ ಜೋಡಿಯ ಲೆಕ್ಕ ಬೇರೆ ಬೇರೆ ಬರೆಸಬೇಕು. ಜೋಡಿಗಳ ನಡುವಿನ ವ್ಯತ್ಯಾಸ ಆಕಸ್ಮಿಕವೇ ಅಥವಾ ಕವಡೆಯದೇ ಎಂದು ಮುಂದಿನ ತರಗತಿಯಲ್ಲಿ ಕೈ–ವರ್ಗ (chi-square) ಪರೀಕ್ಷೆ ಮಾಡಲು ಅದೇ ದತ್ತಾಂಶ ಒದಗುತ್ತದೆ.

ಎಲ್ಲ ಪಾಠಕ್ಕೂ ಆಟ ಹುಡುಕುವ ಚಟವೂ ಒಂದಿದೆ. ಜಿಎಸ್‌ಟಿ ದರ, ಔಷಧದ ಡೋಸು, ಕಾನೂನಿನ ಸೆಕ್ಷನ್ನು, ಇವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಮುಗಿಯಿತು. ಅದಕ್ಕೆ ಹಾವು–ಏಣಿ ಹಲಗೆ ಮಾಡಿ ಎರಡು ಗಂಟೆ ಕಳೆಯುವುದು ಯಾರಿಗೂ ಒಳ್ಳೆಯದಲ್ಲ. ಉತ್ತರ ಗೊತ್ತಿದ್ದೂ ನಿರ್ಧಾರ ತಪ್ಪುವ ಜಾಗಗಳಿಗೆ ಆಟ ಬೇಕು: ತಡವಾಗಿ ಬರುವ ಫಲ, ಹಂಚಿಹೋದ ಮಾಹಿತಿ, ಆಕಸ್ಮಿಕವನ್ನು ಆಕಸ್ಮಿಕ ಎಂದು ಗುರುತಿಸುವುದು, ಚೌಕಾಸಿ, ತುರ್ತು ಚಿಕಿತ್ಸೆಯಲ್ಲಿ ಯಾರು ಯಾರಿಗೆ ಏನು ಹೇಳಬೇಕು ಎನ್ನುವುದು. ಅಂಥದೊಂದು ಪಾಠ ಸೆಮಿಸ್ಟರಿಗೆ ಎರಡೋ ಮೂರೋ ಸಿಗುತ್ತದೆ. ಅಷ್ಟಕ್ಕೆ ಲ್ಯಾಬ್ ಅವಧಿ ಸಿಗುವಂತೆ ಟೈಮ್‌ಟೇಬಲ್ ಹಾಕುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕಂಡು ಮಾತಾಡಿ, ಪಕ್ಕದ ಕೋಣೆಯಲ್ಲಿ ಪಾಠ ಮಾಡುವವರಿಗೂ ಆ ದಿನ ಗಲಾಟೆ ಇರುತ್ತದೆಂದು ಒಂದು ಮಾತು ಹೇಳಿಡಿ.